ಹಳೆಯ ಡೀಸೆಲ್ ಪಿಕಪ್ ವಾಹನದ ಖರೀದಿ: ಮುಂಗಡ ಕೊಡುವ ಮುನ್ನ ರೈತರು ಪರಿಶೀಲಿಸಬೇಕಾದ ವಿಷಯಗಳು

ಟೊಮ್ಯಾಟೊ ಬೆಳೆಯ ಪೋಷಕಾಂಶ ನಿರ್ವಹಣೆ ಕುರಿತ ತರಬೇತಿಯೊಂದರ ಕೊನೆಯಲ್ಲಿ ರೈತರೊಬ್ಬರು ಎದ್ದು ನಿಂತು, "ಸಾರ್, ಗೊಬ್ಬರದ ವಿಷಯ ತಿಳಿಯಿತು. ಎಂಟು ವರ್ಷದ ಹಳೆಯ ಪಿಕಪ್ ಒಂದು ನಾಲ್ಕು ಲಕ್ಷಕ್ಕೆ ಬಂದಿದೆ. ತೆಗೆದುಕೊಳ್ಳಲೋ ಬೇಡವೋ, ಅದನ್ನು ಹೇಳಿ" ಎಂದು ಕೇಳಿದರು. ಸಭೆಯಲ್ಲಿದ್ದವರೆಲ್ಲ ನಕ್ಕರು. ಆದರೆ ಆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಎರಡು ಎಕರೆ ಟೊಮ್ಯಾಟೊ ಬೆಳೆಯುವ ಕುಟುಂಬ ಗೊಬ್ಬರದ ಪ್ರಮಾಣದಲ್ಲಿ ತಪ್ಪು ಮಾಡಿದರೆ ಕೆಲವು ಸಾವಿರ ರೂಪಾಯಿ ಕಳೆದುಕೊಳ್ಳುತ್ತದೆ. ವಾಹನದ ಆಯ್ಕೆಯಲ್ಲಿ ತಪ್ಪಿದರೆ ಎರಡು ಮೂರು ಹಂಗಾಮುಗಳ ನಿವ್ವಳ ಆದಾಯವೇ ಗ್ಯಾರೇಜಿನ ಪಾಲಾಗುತ್ತದೆ. ಬೇಸಾಯಶಾಸ್ತ್ರದ ವಿಜ್ಞಾನಿಯಾದ ನಾನು ವಾಹನದ ಬಗ್ಗೆ ಬರೆಯುತ್ತಿರುವುದಕ್ಕೆ ಇದೇ ಕಾರಣ. ಯಂತ್ರಕ್ಕೆ ಸಂಬಂಧಿಸಿದ ಅಂಶಗಳನ್ನು ಕೃಷಿ ಇಂಜಿನಿಯರಿಂಗ್ ವಿಭಾಗದ ಸಹೋದ್ಯೋಗಿಗಳಿಂದ ಹಾಗೂ ಅನುಭವಿ ಮೆಕ್ಯಾನಿಕ್‌ಗಳಿಂದ ಕೇಳಿ ತಿಳಿದುಕೊಂಡಿದ್ದೇನೆ. ಒಂದಷ್ಟನ್ನು ಸ್ವಂತ ಕುಟುಂಬದ ನಷ್ಟದಿಂದಲೂ ಕಲಿತಿದ್ದೇನೆ.

ಮೊದಲು ಫಸಲಿನ ಲೆಕ್ಕ, ಅನಂತರ ವಾಹನದ ಮಾತು

ವಾಹನವನ್ನು ನೋಡಲು ಹೋಗುವುದಕ್ಕೆ ಮೊದಲೇ ವರ್ಷಕ್ಕೆ ತಮಗೆ ಎಷ್ಟು ಟ್ರಿಪ್‌ಗಳು ಬೇಕು ಎಂಬುದನ್ನು ಬರೆದಿಟ್ಟುಕೊಳ್ಳುವುದು ಸೂಕ್ತ. ಬಹುತೇಕ ರೈತರು ಈ ಲೆಕ್ಕವನ್ನು ಹಾಕುವುದೇ ಇಲ್ಲ. ಕೊಯ್ಲಿನ ದಿನ ಬಾಡಿಗೆ ವಾಹನ ಸಿಗದೆ ಪರದಾಡಿದ ನೆನಪೇ ಖರೀದಿಯ ನಿರ್ಧಾರವನ್ನು ಮಾಡಿಬಿಡುತ್ತದೆ.

ಕೋಲಾರ ಭಾಗದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಎರಡು ಎಕರೆಯಲ್ಲಿ ಕೋಲು ಕಟ್ಟಿ ಬೆಳೆಸಿದ ಸಂಕರಣ ಟೊಮ್ಯಾಟೊ ಎಕರೆಗೆ 25 ಟನ್ ಇಳುವರಿ ಕೊಟ್ಟಿತೆಂದು ಭಾವಿಸಿದರೆ ಒಟ್ಟು 50 ಟನ್ ಆಗುತ್ತದೆ. ಕೋಲಾರ ಮಾರುಕಟ್ಟೆಯ 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ ಇದು ಸುಮಾರು 3,330 ಬಾಕ್ಸ್. ಒಂದೂವರೆ ಟನ್ ಸಾಮರ್ಥ್ಯದ ಪಿಕಪ್‌ನಲ್ಲಿ 100 ಬಾಕ್ಸ್ ಹಿಡಿಯುತ್ತದೆ ಎಂದು ರೈತರು ಹೇಳುವುದುಂಟು. ಆದರೆ ಖಾಲಿ ಬಾಕ್ಸಿಗೂ ಒಂದೂವರೆಯಿಂದ ಎರಡು ಕೆ.ಜಿ. ತೂಕವಿರುವುದನ್ನು ಮರೆಯಬಾರದು. ಅದನ್ನೂ ಸೇರಿಸಿದರೆ ಸಾಮರ್ಥ್ಯದೊಳಗೆ ಸಾಗಿಸಬಹುದಾದದ್ದು ಸುಮಾರು 85 ಬಾಕ್ಸ್ ಮಾತ್ರ. ಅಂದರೆ ಇಡೀ ಬೆಳೆಗೆ ಬೇಕಾಗುವುದು ಸುಮಾರು 40 ಟ್ರಿಪ್.

ಈಗ ಖರ್ಚಿನ ಲೆಕ್ಕ. ಕೆಳಗಿನ ಮೊತ್ತಗಳು ಉದಾಹರಣೆಗಾಗಿ ಇಟ್ಟುಕೊಂಡವು. ತಮ್ಮ ಊರಿನ ದರಗಳನ್ನು ಹಾಕಿ ಲೆಕ್ಕವನ್ನು ತಾವೇ ತಿದ್ದಿಕೊಳ್ಳಬೇಕು. ನಾಲ್ಕು ಲಕ್ಷಕ್ಕೆ ಕೊಂಡ ವಾಹನವನ್ನು ಐದು ವರ್ಷ ಬಳಸಿ ಎರಡು ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 40,000 ರೂ. ಸವಕಳಿ. ಹೂಡಿದ ಹಣ ಸರಾಸರಿ ಮೂರು ಲಕ್ಷ, ಅದಕ್ಕೆ ಶೇ. 12ರಂತೆ ಬಡ್ಡಿ 36,000 ರೂ. ಸ್ವಂತ ಹಣವೇ ಆದರೂ ಈ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಅದೇ ಹಣ ಹನಿ ನೀರಾವರಿಗೋ ಇನ್ನೊಂದು ಹಸುವಿಗೋ ಹೋಗಬಹುದಿತ್ತು. ಸರಕು ಸಾಗಣೆ ವಾಹನಕ್ಕೆ ತೃತೀಯ ಪಕ್ಷದ ವಿಮೆಯ ಕಂತೊಂದೇ 16,000 ರೂ. ದಾಟುತ್ತದೆ, ಸ್ವಂತ ಹಾನಿಯ ವಿಮೆಯೂ ಸೇರಿ 22,000 ರೂ. ಎಂದಿಟ್ಟುಕೊಳ್ಳೋಣ. ಎಫ್.ಸಿ., ಹೊಗೆ ತಪಾಸಣೆ, ತೆರಿಗೆ ಮತ್ತು ಓಡಾಟಕ್ಕೆ 8,000 ರೂ. ಒಟ್ಟು 1,06,000 ರೂ. ವಾಹನವು ಮನೆಯ ಮುಂದೆ ಕದಲದೆ ನಿಂತಿದ್ದರೂ ಈ ಹಣ ಖರ್ಚಾಗುತ್ತದೆ.

ಓಡಿಸುವ ಖರ್ಚು ಬೇರೆ. ಲೀಟರಿಗೆ 12 ಕಿ.ಮೀ. ಕೊಡುವ ಗಾಡಿಯಾದರೆ 90 ರೂ. ದರದಲ್ಲಿ ಕಿ.ಮೀ.ಗೆ 7.50 ರೂ. ಡೀಸೆಲ್. ಟೈರ್, ಆಯಿಲ್, ಬ್ರೇಕ್‌ಗಳಿಗೆ 2.50 ರೂ. ಮುಂದೆ ಬರಬಹುದಾದ ದೊಡ್ಡ ರಿಪೇರಿಗೆಂದು ತೆಗೆದಿಡಬೇಕಾದದ್ದು 2 ರೂ. ಒಟ್ಟು 12 ರೂ. ಮಾರುಕಟ್ಟೆ 40 ಕಿ.ಮೀ. ದೂರವಿದ್ದರೆ ಹೋಗಿ ಬರುವ 80 ಕಿ.ಮೀ.ಗೆ 960 ರೂ. ತಗಲುತ್ತದೆ. ಅದೇ ಟ್ರಿಪ್‌ಗೆ ಬಾಡಿಗೆ 2,200 ರೂ. ಇದ್ದರೆ ಸ್ವಂತ ಗಾಡಿಯಿಂದ ಪ್ರತಿ ಟ್ರಿಪ್‌ಗೆ ಉಳಿಯುವುದು 1,240 ರೂ. ವರ್ಷದ ಸ್ಥಿರ ಖರ್ಚಾದ 1,06,000 ರೂ.ಗಳನ್ನು ಈ ಉಳಿತಾಯದಿಂದ ಭಾಗಿಸಿದರೆ 86 ಟ್ರಿಪ್ ಬರುತ್ತದೆ. ಅಷ್ಟು ಟ್ರಿಪ್‌ಗಳಾದ ಮೇಲಷ್ಟೇ ಸ್ವಂತ ಗಾಡಿ ಬಾಡಿಗೆಗಿಂತ ಅಗ್ಗ. ನಮ್ಮ ಎರಡು ಎಕರೆಯ ರೈತರು 40 ಟ್ರಿಪ್‌ಗೆ ಬಾಡಿಗೆಯಾಗಿ ಕೊಡುವುದು 88,000 ರೂ.; ಸ್ವಂತ ಗಾಡಿಯಲ್ಲಾದರೆ ಅವರಿಗೆ ತಗಲುವುದು 1,44,400 ರೂ.

ಇನ್ನೊಂದು ಸೂಕ್ಷ್ಮವಿದೆ. ಮೇಲಿನ ಲೆಕ್ಕದಲ್ಲಿ ಗಾಡಿಯನ್ನು ರೈತರೇ ಓಡಿಸುತ್ತಾರೆ, ಅವರ ಶ್ರಮಕ್ಕೆ ಬೆಲೆ ಕಟ್ಟಿಲ್ಲ. ಟ್ರಿಪ್‌ಗೆ 600 ರೂ. ಕೊಟ್ಟು ಚಾಲಕರನ್ನು ಇಟ್ಟುಕೊಂಡರೆ ಉಳಿತಾಯ 640 ರೂ.ಗೆ ಇಳಿಯುತ್ತದೆ; ಆಗ 86ರ ಬದಲು 166 ಟ್ರಿಪ್ ಬೇಕು. ಮನೆಯಲ್ಲಿ ವಾಹನ ಓಡಿಸಬಲ್ಲವರು ಯಾರೂ ಇಲ್ಲದ ಕುಟುಂಬ ಹಳೆಯ ಪಿಕಪ್ ಕೊಳ್ಳುವುದನ್ನು ನಾನು ಸಾಮಾನ್ಯವಾಗಿ ಬೆಂಬಲಿಸುವುದಿಲ್ಲ.

ಬೆಳೆಯಿಂದ ಬೆಳೆಗೆ ಈ ಉತ್ತರ ಬದಲಾಗುತ್ತದೆ. ಬ್ಯಾಡಗಿಗೆ ಒಣಮೆಣಸಿನಕಾಯಿ ಒಯ್ಯುವ ಅಥವಾ ಶಿವಮೊಗ್ಗಕ್ಕೆ ಅಡಿಕೆ ಒಯ್ಯುವ ರೈತರಿಗೆ ವರ್ಷದಲ್ಲಿ ಬೆರಳೆಣಿಕೆಯ ಟ್ರಿಪ್‌ಗಳು ಸಾಕು. ಸರಕು ಕೆಡುವ ಭಯವೂ ಕಡಿಮೆ. ಅವರಿಗೆ ಸ್ವಂತ ಪಿಕಪ್ ಅನುಕೂಲವೇ ಹೊರತು ಅಗತ್ಯವಲ್ಲ. ರೇಷ್ಮೆಗೂಡನ್ನು ರಾಮನಗರಕ್ಕೋ ಶಿಡ್ಲಘಟ್ಟಕ್ಕೋ ಸಕಾಲದಲ್ಲಿ ತಲುಪಿಸಲೇಬೇಕು, ನಿಜ. ಆದರೆ ವರ್ಷಕ್ಕೆ ಏಳೆಂಟು ಬೆಳೆ ತೆಗೆದರೂ ಟ್ರಿಪ್‌ಗಳ ಸಂಖ್ಯೆ ಹೆಚ್ಚಾಗದು, ಸರಕೂ ಹಗುರ. ವರ್ಷವಿಡೀ ಸೊಪ್ಪು, ಬೀನ್ಸ್, ಹೂವು ಕಟಾವು ಮಾಡುವ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಭಾಗದ ರೈತರ ಸ್ಥಿತಿಯೇ ಬೇರೆ; ಅವರಿಗೆ ನೂರೈವತ್ತು ಟ್ರಿಪ್ ಸಹಜ. ಅವರು ಕೂಡ ಪ್ರತಿ ಸಲ ಒಯ್ಯುವ ತೂಕವನ್ನು ನೋಡಬೇಕು. ನಾನೂರು ಕೆ.ಜಿ. ಹೂವಿಗೆ ಒಂದೂವರೆ ಟನ್ನಿನ ಪಿಕಪ್ ಬೇಡ. 2005ರಿಂದ ಮಾರುಕಟ್ಟೆಯಲ್ಲಿರುವ ಟಾಟಾ ಏಸ್‌ನಂತಹ ಮುಕ್ಕಾಲು ಟನ್ನಿನ ಪುಟ್ಟ ವಾಹನ ಸಾಕು.

ಮೂರು ನಾಲ್ಕು ರೈತರು ಸೇರಿ, ಇಲ್ಲವೇ ರೈತ ಉತ್ಪಾದಕ ಸಂಸ್ಥೆಯ ಮೂಲಕ ಒಂದೇ ಗಾಡಿ ಇಟ್ಟುಕೊಂಡರೆ ಟ್ರಿಪ್‌ಗಳ ಸಂಖ್ಯೆ ತಾನಾಗಿಯೇ ಕೂಡಿಬರುತ್ತದೆ. ಆದರೆ ಎಲ್ಲರ ಕೊಯ್ಲೂ ಒಂದೇ ವಾರದಲ್ಲಿ ಬಂದರೆ ಮೊದಲ ಟ್ರಿಪ್ ಯಾರದು ಎಂಬ ಜಗಳ ಖಚಿತ. ನಾಟಿಯ ದಿನಾಂಕಗಳನ್ನು ವಾರ ವಾರ ಅಂತರದಲ್ಲಿ ಹಂಚಿಕೊಳ್ಳದೆ ಪಾಲುದಾರಿಕೆಗೆ ಇಳಿಯಬಾರದು. ಇಷ್ಟೆಲ್ಲ ಬೇಡವೆನ್ನುವವರು ಊರಿನ ನಂಬಿಕಸ್ಥ ಬಾಡಿಗೆ ಗಾಡಿಯವರೊಂದಿಗೆ ಇಡೀ ಹಂಗಾಮಿಗೆ ಒಂದೇ ದರ ಮಾತನಾಡಿ, ಸ್ವಲ್ಪ ಮುಂಗಡ ಕೊಟ್ಟಿಡುವುದೂ ಒಳ್ಳೆಯ ಮಾರ್ಗವೇ. ಹತ್ತಿರದ ಸಂತೆಗೆ ಮನೆಯ ಟ್ರ್ಯಾಕ್ಟರ್ ಟ್ರೇಲರ್ ಇದ್ದೇ ಇದೆ.

ಗಾಡಿ ಹಿಂದೆ ಏನನ್ನು ಹೊತ್ತಿತ್ತು?

ಲೆಕ್ಕ ಹಾಕಿದ ಮೇಲೆಯೂ ಕೊಳ್ಳುವುದೇ ಸರಿ ಎನಿಸಿದರೆ, ವಾಹನ ಎಷ್ಟು ವರ್ಷದ್ದು ಎಂಬುದಕ್ಕಿಂತ ಯಾರ ಕೈಯಲ್ಲಿ ಯಾವ ಕೆಲಸ ಮಾಡಿತ್ತು ಎಂಬುದನ್ನು ಮೊದಲು ವಿಚಾರಿಸಬೇಕು. ಎಂಟು ವರ್ಷದ ಎರಡು ಗಾಡಿಗಳಲ್ಲಿ ಒಂದು ಇನ್ನೂ ಆರು ವರ್ಷ ದುಡಿಯಬಹುದು, ಇನ್ನೊಂದು ಆರು ತಿಂಗಳೂ ಬಾಳದಿರಬಹುದು.

ಎಂ-ಸ್ಯಾಂಡ್, ಇಟ್ಟಿಗೆ, ಜಲ್ಲಿ ಹೊತ್ತ ಗಾಡಿಗಳನ್ನು ನಾನು ದೂರವೇ ಇಡುತ್ತೇನೆ. ಅವುಗಳಲ್ಲಿ ಸಾಮರ್ಥ್ಯಕ್ಕಿಂತ ಹೆಚ್ಚು ಭಾರ ಹೇರುವುದೇ ವಾಡಿಕೆ. ಬಣ್ಣ ಬಳಿದ ಮಾತ್ರಕ್ಕೆ ಚಾಸಿಯ ಬಳಲಿಕೆ ಹೋಗುವುದಿಲ್ಲ. ಕರಾವಳಿಯಲ್ಲಿ ಮೀನು ಸಾಗಿಸಿದ ಗಾಡಿಗಳದು ಇನ್ನೊಂದು ಕಥೆ. ಮಂಜುಗಡ್ಡೆ ಕರಗಿದ ಉಪ್ಪುನೀರು ವರ್ಷಗಟ್ಟಲೆ ಸೋರಿ, ಚಾಸಿಯ ಒಳಮೈಯನ್ನು ತಿಂದಿರುತ್ತದೆ. ಮೇಲಿನ ತಗಡು ಹೊಸದಾಗಿ ಹೊಳೆಯುತ್ತಿದ್ದರೆ ಇನ್ನಷ್ಟು ಅನುಮಾನಪಡಬೇಕು. ಹಾಲಿನ ರೂಟ್‌ನಲ್ಲಿ ಓಡಿದ ಗಾಡಿಗಳು ಭಾರದಿಂದ ಸವೆದಿರುವುದಿಲ್ಲ, ಆದರೆ ದಿನಕ್ಕೆ ಎರಡು ಬಾರಿ, ರಜೆಯಿಲ್ಲದೆ ಓಡಿರುತ್ತವೆ. ಕಂಪನಿಯೊಂದರ ಪಾರ್ಸಲ್ ವಿತರಣೆಗೆ ಬಳಸಿ, ಸರ್ವಿಸ್ ದಾಖಲೆಗಳನ್ನು ಉಳಿಸಿಕೊಂಡಿರುವ ಗಾಡಿ ಸಿಕ್ಕಿದರೆ ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇಲ್ಲಿ ನನ್ನ ವಿಷಯಕ್ಕೆ ಸೇರಿದ ಒಂದು ಮಾತನ್ನು ಹೇಳಬೇಕು. ಇನ್ನೊಬ್ಬ ರೈತರಿಂದಲೇ ಕೊಳ್ಳುತ್ತಿದ್ದೇವೆ, ಆದ್ದರಿಂದ ಭಯವಿಲ್ಲ ಎಂದುಕೊಳ್ಳುವಂತಿಲ್ಲ. ಮ್ಯುರೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನಂತೆಯೇ ಅದೂ ಕ್ಲೋರೈಡ್ ಲವಣ. ತೇವ ಸೇರಿದರೆ ಕಬ್ಬಿಣವನ್ನು ಬೇಗ ತುಕ್ಕು ಹಿಡಿಸುತ್ತದೆ. ಹಸಿ ಕೋಳಿಗೊಬ್ಬರವೂ ಹಾಗೆಯೇ. ಗೊಬ್ಬರ ಇಳಿಸಿದ ಮೇಲೆ ಗಾಡಿಯನ್ನು ತೊಳೆಯುವ ಅಭ್ಯಾಸ ನಮ್ಮಲ್ಲಿ ತೀರ ಕಡಿಮೆ. ಆದ್ದರಿಂದ ಲೋಡ್ ಬಾಡಿಯ ಮೂಲೆಗಳಲ್ಲಿ, ನೆಲದ ತಗಡಿನ ಕೆಳಗಿನ ಅಡ್ಡಪಟ್ಟಿಗಳಲ್ಲಿ ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಬೇಕು. ಗಟ್ಟಿ ಲೋಹ ಟಣ್ ಎನ್ನುತ್ತದೆ. ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡಿ ಪದರವಾಗಿ ಉದುರುತ್ತದೆ.

ನೆರೆಗೆ ಸಿಕ್ಕಿದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. 2019ರ ಆಗಸ್ಟ್‌ನ ಪ್ರವಾಹದಂತಹ ಸಂದರ್ಭಗಳಲ್ಲಿ ನೀರಿನಲ್ಲಿ ನಿಂತ ವಾಹನವನ್ನು ತೊಳೆದು ಒಣಗಿಸಿದರೆ ಹೊರಗಿನಿಂದ ಏನೂ ತಿಳಿಯದು. ಸೀಟಿನ ಕೆಳಗಿನ ಬೋಲ್ಟ್‌ಗಳು, ಡ್ಯಾಶ್‌ಬೋರ್ಡಿನ ಒಳಭಾಗ ಮತ್ತು ವೈರಿಂಗ್ ಕಟ್ಟುಗಳ ಸಂದುಗಳಲ್ಲಿ ಕೆಸರಿನ ನಯವಾದ ಪುಡಿ ಉಳಿದಿರುತ್ತದೆ.

ಇಂಜಿನ್ ತಣ್ಣಗಿರುವಾಗಲೇ ನೋಡಬೇಕು

ನನ್ನ ತಮ್ಮ ಊರಿನಲ್ಲಿ ಬೇಸಾಯ ನೋಡಿಕೊಳ್ಳುತ್ತಾನೆ. ಕೆಲವು ವರ್ಷಗಳ ಹಿಂದೆ ಅವನು ಒಂಬತ್ತು ವರ್ಷದ ಹಳೆಯ ಪಿಕಪ್ ಕೊಳ್ಳುವಾಗ ನಾನೂ ಜೊತೆಗೆ ಹೋಗಿದ್ದೆ. ನಾವು ತಲುಪಿದ್ದು ಮಧ್ಯಾಹ್ನ. "ಈಗ ತಾನೆ ಪೆಟ್ರೋಲ್ ಬಂಕಿಗೆ ಹೋಗಿಬಂದೆ" ಎಂದು ಮಾರುವವರು ಕೀಲಿ ತಿರುಗಿಸಿದರು. ಇಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ನಮಗೆ ಸಂತೋಷವಾಯಿತು. ಮೂರನೆಯ ತಿಂಗಳಲ್ಲಿ, ಬೀನ್ಸ್ ಕೊಯ್ಲಿನ ವಾರ, ನಸುಕಿನ ನಾಲ್ಕು ಗಂಟೆಗೆ ಮೂಟೆಗಳನ್ನು ಹೇರಿ ಕೀಲಿ ತಿರುಗಿಸಿದರೆ ಗಾಡಿ ಅಲುಗಲಿಲ್ಲ. ಬ್ಯಾಟರಿ ಸರಿಯಿತ್ತು, ಸಿಲಿಂಡರುಗಳಲ್ಲಿ ಕಂಪ್ರೆಷನ್ ಇರಲಿಲ್ಲ. ಇಮ್ಮಡಿ ಬಾಡಿಗೆ ಕೊಟ್ಟು ಬೇರೆ ಗಾಡಿ ತಂದು ಮಾರುಕಟ್ಟೆ ತಲುಪುವಷ್ಟರಲ್ಲಿ ಹರಾಜು ಮುಗಿದಿತ್ತು. ಡಾಕ್ಟರೇಟ್ ಪದವಿಯ ಅಣ್ಣ ಜೊತೆಗಿದ್ದೂ ಹೀಗಾಯಿತಲ್ಲ ಎಂದು ಅವನು ಇಂದಿಗೂ ನೆನಪಿಸುತ್ತಾನೆ.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಕೊಡುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಪಿಸ್ಟನ್ ರಿಂಗ್, ಲೈನರ್, ವಾಲ್ವ್‌ಗಳು ಸವೆದಿದ್ದರೆ ಒತ್ತಡ ಸೋರಿಹೋಗಿ ಆ ಶಾಖ ಸಾಲದಾಗುತ್ತದೆ. ಇಂಜಿನ್ ಬಿಸಿಯಾಗಿದ್ದಾಗ ಈ ಕೊರತೆ ಮರೆಯಾಗುತ್ತದೆ. ಚಳಿಯ ಬೆಳಗಿನಲ್ಲಿ ಬಯಲಾಗುತ್ತದೆ. ಆದ್ದರಿಂದ ಮುಂಚಿತವಾಗಿ ತಿಳಿಸದೆ, ಬೆಳಗಿನ ಆರರ ಹೊತ್ತಿಗೆ ಹೋಗಿ ಮೊದಲು ಬಾನೆಟ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಕಾರಣ ಕೇಳಿ, ಇನ್ನೊಂದು ದಿನ ಹೋಗುವುದು ಲೇಸು.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕಡ್ಡಿಯನ್ನು ಎಳೆದು ನೋಡಬೇಕು. ಡೀಸೆಲ್ ಇಂಜಿನ್ನಿನ ಆಯಿಲ್ ಕಪ್ಪಾಗಿರುವುದು ಸಹಜ, ಅದು ದೋಷವಲ್ಲ. ಮಜ್ಜಿಗೆಯಂತೆ ಬೆಳ್ಳಗೆ ಕಲಕಿದ್ದರೆ ನೀರು ಸೇರಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು ಅಥವಾ ಹೆಡ್ ಬಿರುಕು ಬಿಟ್ಟಿರಬಹುದು. ರೇಡಿಯೇಟರ್ ನೀರಿನ ಮೇಲೆ ಎಣ್ಣೆಯ ಪದರ ಕಂಡರೂ ಅದೇ ಅರ್ಥ. ಹೊಚ್ಚ ಹೊಸ ಆಯಿಲ್ ಕಂಡರೆ ಅದೂ ಒಂದು ಪ್ರಶ್ನೆಯೇ: ಮಾರುವ ವಾರದಲ್ಲೇ ಏಕೆ ಬದಲಿಸಿದರು? ಸವೆದ ಇಂಜಿನ್ನಿನ ಸದ್ದು ಅಡಗಿಸಲು ದಪ್ಪ ಆಯಿಲ್ ತುಂಬುವುದುಂಟು.

ಸ್ಟಾರ್ಟ್ ಆದ ಕೂಡಲೇ ಹಿಂದೆ ನಿಂತು ಹೊಗೆ ನೋಡಿರಿ. ತಣ್ಣನೆಯ ಇಂಜಿನ್ನಿನಲ್ಲಿ ಒಂದೆರಡು ನಿಮಿಷ ತೆಳುವಾದ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ಸಿಲಿಂಡರಿನೊಳಗೆ ನೀರು ಇಳಿಯುತ್ತಿದೆ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸವೆದಿದೆ. ಕಪ್ಪು ಹೊಗೆ ಇವುಗಳಲ್ಲಿ ಕಡಿಮೆ ಭಯದ್ದು. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಬರುತ್ತದೆ, ನಾಜಲ್ ಕೆಟ್ಟಿದ್ದರೂ ಬರುತ್ತದೆ. ಯಾವುದೆಂದು ಮೆಕ್ಯಾನಿಕ್ ನೋಡಿ ಹೇಳಬೇಕು.

ಅನಂತರ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ, ಬೋರಲಾಗಿ ಅದೇ ಬಾಯಿಯ ಮೇಲಿಟ್ಟು ನೋಡುವುದು. ಸ್ವಲ್ಪ ಅದುರಿದರೆ ಸಹಜ. ಹೊಗೆ ರಭಸವಾಗಿ ನುಗ್ಗಿ ಮುಚ್ಚಳವನ್ನೇ ಎಸೆಯುವಂತಿದ್ದರೆ ಅದನ್ನು ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಅಂಥ ಇಂಜಿನ್ ಪೂರ್ತಿ ಬಿಚ್ಚುವ ಹಂತಕ್ಕೆ ಬಂದಿದೆ. ನಮ್ಮ ತಮ್ಮನ ಗಾಡಿಯಲ್ಲಿ ಈ ಒಂದು ನಿಮಿಷದ ಪರೀಕ್ಷೆ ಮಾಡಿದ್ದರೆ ಸಾಕಿತ್ತು.

ಹಳೆಯ ಮಾದರಿಯ ಯಾಂತ್ರಿಕ ಡೀಸೆಲ್ ಪಂಪ್ ಇರುವ ಇಂಜಿನ್ನುಗಳನ್ನು ತಾಲ್ಲೂಕು ಕೇಂದ್ರದ ಮೆಕ್ಯಾನಿಕ್‌ ಕೂಡ ಸರಿಪಡಿಸಬಲ್ಲರು. ಕಾಮನ್ ರೈಲ್ ಇಂಜಿನ್ನುಗಳು ಮೈಲೇಜ್, ಶಕ್ತಿ ಎರಡರಲ್ಲೂ ಮೇಲು. ಆದರೆ ಅವುಗಳ ದೋಷ ತಿಳಿಯಲು ಸ್ಕ್ಯಾನರ್ ಬೇಕು, ಇಂಜೆಕ್ಟರ್‌ಗಳು ದುಬಾರಿ, ಕೊಳೆ ಅಥವಾ ನೀರು ಬೆರೆತ ಡೀಸೆಲ್ಲನ್ನು ಅವು ಸಹಿಸುವುದಿಲ್ಲ. ತೋಟದ ಮನೆಯಲ್ಲಿ ಡ್ರಮ್ಮಿನಲ್ಲಿಟ್ಟ ಡೀಸೆಲ್ ಹಾಕುವ ಅಭ್ಯಾಸವಿದ್ದವರು ಇದನ್ನು ವಿಶೇಷವಾಗಿ ಗಮನಿಸಬೇಕು. 2020ರ ಏಪ್ರಿಲ್ ನಂತರ ಬಂದ ಬಿ.ಎಸ್. 6 ವಾಹನಗಳಲ್ಲಿ ಹೊಗೆ ಶುದ್ಧೀಕರಣದ ಹೆಚ್ಚುವರಿ ಭಾಗಗಳೂ ಇವೆ. ಅವುಗಳನ್ನು ಕಿತ್ತುಹಾಕಿಸಿದ ಗಾಡಿಯನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

ಗಾಡಿಯ ಕೆಳಗೆ ಮಲಗಿ ನೋಡುವುದು

ಚಾಸಿಯ ಎರಡು ಉದ್ದ ತೊಲೆಗಳನ್ನು, ಮುಖ್ಯವಾಗಿ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಜೋಡಣೆಯಾಗುವ ಜಾಗಗಳನ್ನು ಟಾರ್ಚ್ ಹಾಕಿ ನೋಡಬೇಕು. ಬೆಸುಗೆಯ ಗುರುತು, ಹೊಸದಾಗಿ ಸೇರಿಸಿದ ಪಟ್ಟಿ, ಅಲ್ಲಿ ಮಾತ್ರ ಬಳಿದ ಬಣ್ಣ, ಇವು ಬಿರುಕಿಗೆ ತೇಪೆ ಹಾಕಿದ ಲಕ್ಷಣಗಳು. ಸ್ಪ್ರಿಂಗ್ ಪಟ್ಟಿಗಳನ್ನು ಎಣಿಸಿ, ಅದೇ ಮಾದರಿಯ ಇನ್ನೊಂದು ಗಾಡಿಯೊಂದಿಗೆ ಹೋಲಿಸಿದರೆ ಹೆಚ್ಚುವರಿ ಪಟ್ಟಿ ಹಾಕಿಸಿದ್ದಾರೆಯೇ ಎಂಬುದು ತಿಳಿಯುತ್ತದೆ. ಹೆಚ್ಚು ಪಟ್ಟಿ ಇರುವುದು ಗಾಡಿ ಗಟ್ಟಿ ಎಂಬುದಕ್ಕೆ ಪುರಾವೆ ಎಂದು ಮಾರುವವರು ಹೇಳುತ್ತಾರೆ. ವಾಸ್ತವವಾಗಿ ಅದು ಅತಿಭಾರ ಹೊತ್ತಿದ್ದಕ್ಕೆ ಪುರಾವೆ. ಪಟ್ಟಿ ಸೇರಿಸಿದರೂ ಬ್ರೇಕ್, ಆಕ್ಸಲ್, ಬೇರಿಂಗ್‌ಗಳ ಸಾಮರ್ಥ್ಯ ಹಿಂದಿನಷ್ಟೇ ಇರುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಗುಂಡಿ ಆಳವಾಗಿದ್ದರೂ ರಬ್ಬರ್ ಮುದಿಯಾಗಿರಬಹುದು. ಕಿಲೋಮೀಟರ್ ಓದಿಗೆ ನಾನು ಬೆಲೆ ಕೊಡುವುದಿಲ್ಲ. ಕ್ಲಚ್ ಪೆಡಲ್ಲಿನ ರಬ್ಬರ್, ಸ್ಟೀರಿಂಗ್ ಮತ್ತು ಸೀಟಿನ ಸವೆತ ಹೆಚ್ಚು ಸತ್ಯ ಹೇಳುತ್ತವೆ. ಕೊನೆಗೆ ಒಂದಿಷ್ಟು ಭಾರ ಹೇರಿ ಏರುರಸ್ತೆಯಲ್ಲಿ ಓಡಿಸಿ ನೋಡಬೇಕು. ಖಾಲಿ ಗಾಡಿಯ ಓಟದಿಂದ ಕ್ಲಚ್ ಜಾರುವುದಾಗಲಿ, ಇಂಜಿನ್ ಬಿಸಿಯೇರುವುದಾಗಲಿ ಗೊತ್ತಾಗುವುದಿಲ್ಲ. ತಾವು ನಂಬುವ ಮೆಕ್ಯಾನಿಕ್‌ಗೆ ಸಾವಿರ ರೂಪಾಯಿ ಕೊಟ್ಟಾದರೂ ಜೊತೆಗೆ ಕರೆದೊಯ್ಯುವುದು, ಮತ್ತು ಆ ಮೆಕ್ಯಾನಿಕ್ ಮಾರುವವರ ಪರಿಚಯಸ್ಥರಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯ.

ದಾಖಲೆಗಳು

ಆರ್.ಸಿ.ಯಲ್ಲಿರುವ ಚಾಸಿ ಮತ್ತು ಇಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ಅಕ್ಷರಶಃ ತಾಳೆ ನೋಡತಕ್ಕದ್ದು. ಪರಿವಾಹನ್ ಜಾಲತಾಣದಲ್ಲಿ ವಾಹನದ ವಯಸ್ಸು, ಎಫ್.ಸಿ., ವಿಮೆ, ತೆರಿಗೆಗಳ ಅವಧಿ, ಸಾಲದ ನಮೂದು ಹಾಗೂ ಬಾಕಿ ದಂಡಗಳನ್ನು ಪರಿಶೀಲಿಸಬಹುದು. ಹಿಂದಿನ ಮಾಲೀಕರ ಸಾಲ ತೀರಿದ್ದರೂ ನಮೂದು ತೆಗೆಸದೆ ಬಿಟ್ಟಿರುವುದು ಸಾಮಾನ್ಯ. ಸಾಲ ಕೊಟ್ಟ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಖಾಲಿ ನಮೂನೆಗಳಿಗೆ ಸಹಿ ಹಾಕಿಸಿಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವ ಪದ್ಧತಿ ಹಳ್ಳಿಗಳಲ್ಲಿದೆ. ಇದು ಇಬ್ಬರಿಗೂ ಅಪಾಯ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಹೊಣೆಗಾರರು ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿದೆ. ವಿಮೆಯನ್ನೂ ವರ್ಗಾವಣೆಯಾದ 14 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು, ಇಲ್ಲವಾದರೆ ಸ್ವಂತ ಹಾನಿಯ ಪರಿಹಾರ ಸಿಗುವುದು ಕಷ್ಟ.

ಸರಕು ಸಾಗಣೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷವೂ ಎಫ್.ಸಿ. ಆಗಬೇಕು. ಹದಿನೈದು ವರ್ಷ ದಾಟಿದ ವಾಹನಗಳ ಶುಲ್ಕ 2022ರ ಏಪ್ರಿಲ್‌ನಿಂದ ಬಹಳ ಏರಿದೆ. ಹೀಗಾಗಿ ಹದಿಮೂರು ಹದಿನಾಲ್ಕು ವರ್ಷದ ಗಾಡಿಯ ಅಗ್ಗದ ಬೆಲೆ ನೋಡಿ ಮರುಳಾಗಬಾರದು. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಅಗತ್ಯವಿಲ್ಲ, ಮೀರಿದರೆ ಬೇಕು. ಈ ತೂಕ ಆರ್.ಸಿ.ಯಲ್ಲೇ ನಮೂದಾಗಿರುತ್ತದೆ. ಚಾಲನಾ ಪರವಾನಗಿಯ ವಿಷಯದಲ್ಲಿ ರೈತರಿಗಿದ್ದ ಗೊಂದಲ ಈಗ ನಿವಾರಣೆಯಾಗಿದೆ: 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಪರವಾನಗಿಯಲ್ಲೇ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ.

ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಗಾಡಿಗಳು ಬೇರೆ ರಾಜ್ಯಗಳಿಗೆ ಅಗ್ಗವಾಗಿ ಹರಿದಿವೆ. ಅಂಥ ಗಾಡಿಗೆ ಅಲ್ಲಿನ ಆರ್.ಟಿ.ಓ. ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕು. ಈ ಖರ್ಚನ್ನು ಸೇರಿಸಿದರೆ ಅಗ್ಗವೆನಿಸಿದ್ದು ಅಗ್ಗವಾಗಿ ಉಳಿಯುವುದು ಅಪರೂಪ.

ಕೂಲಿಯಾಳುಗಳನ್ನು ಹಿಂದೆ ಕೂರಿಸುವ ಬಗ್ಗೆ

ವಿಸ್ತರಣಾ ಕಾರ್ಯಕರ್ತರು ಪ್ರತಿ ಸಭೆಯಲ್ಲಿಯೂ ಇದನ್ನು ಹೇಳಬೇಕೆಂದು ಕೋರುತ್ತೇನೆ. ಸ್ವಂತ ಪಿಕಪ್ ಬಂದ ಕೂಡಲೇ ಕಳೆ ತೆಗೆಯುವವರನ್ನು, ಕೊಯ್ಲಿನವರನ್ನು ಅದರಲ್ಲೇ ಕರೆತರುವ ಅಭ್ಯಾಸ ಶುರುವಾಗುತ್ತದೆ. ಇದು ಕಾನೂನುಬಾಹಿರ. ಸರಕು ವಾಹನದ ವಿಮೆ ರಕ್ಷಣೆ ಕೊಡುವುದು ಸರಕಿನ ಮಾಲೀಕರಿಗೆ ಅಥವಾ ಅವರ ಅಧಿಕೃತ ಪ್ರತಿನಿಧಿಗೆ. ಹಿಂದೆ ಪ್ರಯಾಣಿಕರಂತೆ ಕುಳಿತ ಹತ್ತು ಹದಿನೈದು ಜನರಿಗೆ ಆ ರಕ್ಷಣೆ ಇಲ್ಲ. ಅಪಘಾತವಾದರೆ ನ್ಯಾಯಾಲಯ ವಿಧಿಸುವ ಪರಿಹಾರ ಕೊನೆಗೆ ವಾಹನದ ಮಾಲೀಕರ ತಲೆಯ ಮೇಲೆ, ಅಂದರೆ ಅವರ ಜಮೀನಿನ ಮೇಲೆ ಬರುತ್ತದೆ. ಹಣದ ಮಾತು ಹಾಗಿರಲಿ, 2025ರ ಜನವರಿಯಲ್ಲಿ ಯಲ್ಲಾಪುರದ ಬಳಿ ಹಣ್ಣು ತರಕಾರಿಯ ಮೇಲೆ ವ್ಯಾಪಾರಿಗಳನ್ನೂ ಕೂರಿಸಿಕೊಂಡು ಸಂತೆಗೆ ಹೊರಟಿದ್ದ ಲಾರಿ ಮಗುಚಿ ಹಲವರು ಪ್ರಾಣ ಕಳೆದುಕೊಂಡದ್ದನ್ನು ತಾವೆಲ್ಲ ಓದಿದ್ದೀರಿ. ಕೂಲಿಯಾಳುಗಳ ಸಾಗಣೆಗೂ ಅನುಕೂಲವಾಗುತ್ತದೆ ಎಂಬ ಕಾರಣವನ್ನು ಖರೀದಿಯ ಲೆಕ್ಕದಿಂದ ಪೂರ್ತಿಯಾಗಿ ತೆಗೆದುಹಾಕಿರಿ.

ಬೆಲೆ ಮತ್ತು ಹಣ ಕೊಡುವ ದಿನ

ಹಳೆಯ ವಾಹನದ ಸಾಲಕ್ಕೆ ಹೊಸ ವಾಹನಕ್ಕಿಂತ ಬಡ್ಡಿ ಹೆಚ್ಚು, ಅವಧಿ ಕಡಿಮೆ. ಕಂತು ತಿಂಗಳಿಗೊಮ್ಮೆ ಬರುತ್ತದೆ. ಫಸಲಿನ ಹಣ ಹಾಗೆ ಬರುವುದಿಲ್ಲ. ಸಾಲ ಪಡೆಯಲೇಬೇಕಾದರೆ ಬೆಲೆಯ ಅರ್ಧಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಅಭಿಪ್ರಾಯ. ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯದೆ ಬೆಲೆಯ ಐದನೆಯ ಒಂದು ಭಾಗವನ್ನಾದರೂ ಉಳಿಸಿಕೊಂಡಿರಬೇಕು. ಮೊದಲ ವಾರದಲ್ಲೇ ಇಂಜಿನ್, ಗೇರ್ ಬಾಕ್ಸ್, ಡಿಫರೆನ್ಷಿಯಲ್ ಆಯಿಲ್‌ಗಳು, ಎಲ್ಲ ಫಿಲ್ಟರ್‌ಗಳು, ಬ್ರೇಕ್ ಲೈನಿಂಗ್ ಮತ್ತು ಫ್ಯಾನ್ ಬೆಲ್ಟನ್ನು ಬದಲಿಸಲು ಅದು ಬೇಕಾಗುತ್ತದೆ. ಕೀಟನಾಶಕ, ಗೊಬ್ಬರ ಸಾಗಿಸಿದ ಗಾಡಿಯಾಗಿದ್ದರೆ ತರಕಾರಿ ಹೇರುವ ಮೊದಲು ಲೋಡ್ ಬಾಡಿಯನ್ನು ಸೋಪಿನ ನೀರಿನಿಂದ ಚೆನ್ನಾಗಿ ತೊಳೆಯಿಸಿರಿ.

ಮುಂಗಡ ಕೊಡುವಾಗ ಬರಹದಲ್ಲಿ ಕರಾರು ಮಾಡಿಕೊಳ್ಳಬೇಕು. ದಾಖಲೆಗಳಲ್ಲಿ ದೋಷ ಕಂಡರೆ ಮುಂಗಡ ಮರಳಿಸತಕ್ಕದ್ದು ಎಂಬ ಸಾಲು ಅದರಲ್ಲಿರಲಿ. ಬಾಕಿ ಹಣವನ್ನು ಬ್ಯಾಂಕ್ ಮೂಲಕವೇ ಕೊಡಿರಿ. ಗಾಡಿಯನ್ನು ಒಪ್ಪಿಸುವ ದಿನ ವಿತರಣಾ ಪತ್ರವೊಂದನ್ನು ಬರೆದು ಇಬ್ಬರೂ ಸಹಿ ಮಾಡಬೇಕು. ಅದರಲ್ಲಿ ಕಿಲೋಮೀಟರ್ ಓದು, ಸ್ಟೆಪ್ನಿ, ಜಾಕ್, ಎರಡನೆಯ ಕೀಲಿಗಳ ವಿವರ ಮತ್ತು ದಿನಾಂಕದ ಜೊತೆಗೆ ಗಂಟೆ, ನಿಮಿಷಗಳೂ ಇರಲಿ. ಅದೇ ದಿನ ಬೆಳಿಗ್ಗೆ ಹಿಂದಿನ ಮಾಲೀಕರು ಎಲ್ಲಿಯಾದರೂ ದಂಡ ಬರೆಸಿಕೊಂಡಿದ್ದರೆ ಅಥವಾ ಅಪಘಾತ ಮಾಡಿದ್ದರೆ, ಆ ಹೊತ್ತಿನಲ್ಲಿ ಗಾಡಿ ತಮ್ಮ ಕೈಯಲ್ಲಿರಲಿಲ್ಲ ಎಂಬುದಕ್ಕೆ ಈ ಕಾಗದವೇ ಆಧಾರ.